ಸತ್ತವರನ್ನು ಮಾತಾಡಿಸುತ್ತಿದ್ದ ಅಂಪೈರ್

ಪಾಠದ ಮೇಡಂ ಕೆಲಸಕ್ಕೆ ಸೇರಿದ ವಾರದಲ್ಲೇ ಸತ್ತಳು.

ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಸೈನಿಕ ತರಬೇತಿ ಶಾಲೆಯ ಕಚೇರಿಯಲ್ಲಿ, ನಿಮ್ಮ ಹುಡುಗರೆಲ್ಲ ಇವತ್ತು ಮೈದಾನದಲ್ಲಿದ್ದಾರೆ, ಬೇಕಾದರೆ ಹೋಗಿ ನೋಡಿ ಎಂದಿದ್ದರು. ಮೈದಾನವೆಂದರೆ ಆಟದ ಬಯಲು ಎಂದುಕೊಂಡು ಹೊರಟವಳಿಗೆ ಎದುರಾದದ್ದು ಕುರುಚಲು ಗುಡ್ಡ, ಒಣಗಿದ ಹಳ್ಳ, ಪಾಳುಬಿದ್ದ ಇಟ್ಟಿಗೆ ಗೂಡು, ಕಣ್ಣು ಹಾಯಿಸಿದಷ್ಟು ದೂರಕ್ಕೂ ಮುಳ್ಳುಪೊದೆ. ಒಂದು ನರಪಿಳ್ಳೆಯೂ ಇಲ್ಲ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಬಿಡಿಸಿದ ಕೊಡೆ. ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿದ್ದುದರಿಂದ ಸ್ವಲ್ಪ ಕುಂಟುತ್ತ ಅವಳು ಹಳ್ಳಕ್ಕೆ ಇಳಿದಳು. ಅಷ್ಟರಲ್ಲಿ ಪೊದೆಯ ಹಿಂದಿನಿಂದ ಒಬ್ಬರು ಎದ್ದು ಬಂದರು. ವಯಸ್ಸಾದವರು, ಒಣಕಲು ಮೈ, ತೋಳಿಗೆ ಬಿಳಿ ಪಟ್ಟಿ, ಕೊರಳಲ್ಲಿ ಸೀಟಿ, ಹೆಗಲಲ್ಲಿ ವೈರ್‌ಲೆಸ್ಸು, ಸೊಂಟದ ಪಕ್ಕ ಊಟದ ಡಬ್ಬಿಯ ಚೀಲ.

“ಮೇಡಂ, ನೀವು ಸತ್ರಿ,” ಎಂದರು, ಬಸ್ಸು ಹೊರಟು ಹೋಯಿತು ಎನ್ನುವಷ್ಟು ಸಲೀಸಾಗಿ.

“ಏನಂದ್ರಿ?”

“ಸತ್ರಿ ಅಂದೆ. ಗುಡ್ಡದ ಮೇಲೆ ಮಷಿನ್‌ಗನ್ ಇದೆ. ನೀವು ಕೊಡೆ ಬಿಚ್ಕೊಂಡು ಅದರ ಬಾಯಿಗೇ ನಡ್ಕೊಂಡು ಬರ್ತಿದೀರಿ. ಆ ಮರದ ಕೆಳಗೆ ಹೋಗಿ ಕೂತ್ಕೊಳ್ಳಿ.”

“ನಾನು ಸಿಪಾಯಿ ಅಲ್ಲ ರೀ! ಪಾಠ ಹೇಳೋಳು. ಲೆಕ್ಚರರ್.”

“ಗುಂಡು ಅದನ್ನೆಲ್ಲ ಕೇಳ್ಕೊಂಡು ಬರುತ್ತಾ ಮೇಡಂ?”

ಹೀಗೆನ್ನುತ್ತಲೇ ಜೇಬಿನಿಂದ ಹಳದಿ ಬಟ್ಟೆಯ ಪಟ್ಟಿಯೊಂದನ್ನು ತೆಗೆದು, ಬಹಳ ಮರ್ಯಾದೆಯಿಂದ, ಅವಳ ಕೊಡೆಯ ಹಿಡಿಗೆ ಕಟ್ಟಿದರು. ಹೆಣ್ಣುಮಗಳ ಕೈ ಹಿಡಿದು ಕಟ್ಟುವುದು ಸರಿಯಲ್ಲ ಎಂದು ಕೊಡೆಯನ್ನೇ ಸಾಯಿಸಿದ್ದರು.

ಮರದ ಕೆಳಗೆ ಆಗಲೇ ಹತ್ತಾರು ಹೆಣಗಳು ಕೂತು ಕಡಲೆಕಾಯಿ ಬಿಡಿಸುತ್ತಿದ್ದವು. ಹೊಸ ಮೇಡಂ ಬಂದದ್ದನ್ನು ಕಂಡು ಎಲ್ಲವೂ ಗಡಬಡಿಸಿ ಎದ್ದು ನಿಂತವು.

“ಕೂತ್ಕೊಳ್ರಪ್ಪ, ಸತ್ತ ಮೇಲೆ ಯಾಕೆ ಎದ್ದು ನಿಲ್ತೀರಿ,” ಎಂದಳು ಅವಳು. ಅವಳಿಗೇ ನಗು ಬಂದಿತ್ತು.

“ಮೇಡಂ, ನಿಮ್ಮನ್ನೂ ಯಮಣ್ಣ ಎತ್ಕೊಂಡ್ರಾ?” ಎಂದಿತು ಒಂದು ಹೆಣ, ಕಡಲೆಕಾಯಿ ಮುಂದೆ ಮಾಡುತ್ತ.

ಹಾಗೆ ಅವಳಿಗೆ ಅವರ ಅಡ್ಡಹೆಸರು ಗೊತ್ತಾಯಿತು. ಮೈದಾನದಲ್ಲಿ ಹುಡುಗರು ಎರಡು ಪಡೆಗಳಾಗಿ ಸುಳ್ಳು ಗುಂಡಿನಲ್ಲಿ ನಿಜವಾದ ಯುದ್ಧ ಆಡುವಾಗ, ಯಾರು ಸತ್ತರು ಯಾರು ಉಳಿದರು ಎಂದು ಹೇಳುವ ಅಂಪೈರ್ ಅವರು. ಯಮನೂ ಹೌದು, ಅಣ್ಣನೂ ಹೌದು. ಅಂಪೈರ್ ಎಂದರೆ ಗಾಳಿ ಇದ್ದಂತೆ ಎನ್ನುವುದು ಮೈದಾನದ ನಿಯಮ. ಎರಡೂ ಪಡೆಯವರು ಅವರನ್ನು ಕಂಡರೂ ಕಾಣದಂತೆ ಇರಬೇಕು, ಮಾತಾಡಿಸಬಾರದು. ಮಾತಾಡಿಸುವ ಹಕ್ಕು ಸತ್ತವರಿಗೆ ಮಾತ್ರ.

ಆ ಹಕ್ಕನ್ನು ಯಮಣ್ಣ ಚೆನ್ನಾಗಿ ದುಡಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಂದು ಹೆಣಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರನ್ನೇ ಕೇಳಿದರು: “ಸಾಯೋಕೆ ಮುಂಚೆ ಏನು ಯೋಚ್ನೆ ಮಾಡ್ತಿದ್ದೆ?”

“ಬೂಟಿನ ದಾರ ಬಿಚ್ಚಿತ್ತು ಯಮಣ್ಣ.”

“ಮುಂದಿನವನ ಬೆನ್ನು ನೋಡ್ಕೊಂಡು ಹೋಗ್ತಿದ್ದೆ. ಅವನು ಎಲ್ಲಿಗೆ ಹೋಗ್ತಿದ್ನೋ ನನಗೇನು ಗೊತ್ತು.”

“ನಾನು ಸತ್ತೆ ಅಂತಾನೇ ಗೊತ್ತಾಗ್ಲಿಲ್ಲ. ಉಚ್ಚೆ ಬರ್ತಿತ್ತು.”

ಯಮಣ್ಣ ಯಾರನ್ನೂ ಬೈಯಲಿಲ್ಲ, ಎಲ್ಲದಕ್ಕೂ ತಲೆಯಾಡಿಸಿದರು. ಸಂಜೆಯ ಸಭೆಯಲ್ಲಿ ಇದೆಲ್ಲವನ್ನೂ, ಹೆಸರು ಬಿಟ್ಟು, ಎಲ್ಲರ ಮುಂದೆ ಹೇಳುವುದು ಅವರ ಕ್ರಮ. ಕೊನೆಗೆ ಮೇಡಂ ಸರದಿ ಬಂತು.

“ನೀವೇನು ಯೋಚ್ನೆ ಮಾಡ್ತಿದ್ರಿ?”

ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಬಾಡಿಗೆ ರೂಮಿಂದು. ಒಂಟಿ ಹೆಂಗಸಿಗೆ ಕೊಡಲ್ಲ ಅಂತ ನಿನ್ನೆ ಮೂರನೇ ಮನೆಯವರೂ ಬಾಗಿಲು ಹಾಕಿದ್ರು.”

ಯಮಣ್ಣ ಸೀಟಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸಿದರು. “ನಮ್ಮ ಮನೆ ಮಹಡಿ ಮೇಲೆ ಒಂದು ರೂಮಿದೆ. ಬೇಸಿಗೆಗೆ ಬೇಯುತ್ತೆ, ಬಾಗಿಲು ಸ್ವಲ್ಪ ಕಿರುಗುಟ್ಟುತ್ತೆ. ಸತ್ತೋರಿಗೆ ಅದೆಲ್ಲ ತೊಂದ್ರೆ ಆಗಬಾರದು.”

ಅವತ್ತೇ ಸಂಜೆ ಅವಳು ಟ್ರಂಕು ತಂದಿಳಿಸಿದಳು.

ಮೇಡಂ ಬಂದೂಕು ಹಿಡಿದವಳಲ್ಲ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಆ ಹಟಕ್ಕೋ ಏನೋ, ಹಿಂದಿನ ಕಾಲದ ಸೇನಾಪತಿಗಳೂ ಪಂಡಿತರೂ ಯುದ್ಧದ ಬಗ್ಗೆ ಬರೆದದ್ದನ್ನೆಲ್ಲ ಅರೆದು ಕುಡಿದಿದ್ದಳು. ನೆಲೆಯೂರಿ ಕೂತವನನ್ನು ಎಬ್ಬಿಸಬೇಕಾದರೆ ದಾಳಿ ಮಾಡುವವನು ಮೂರು ಪಟ್ಟು ಇರಬೇಕು. ಎದುರಾಳಿಗೆ ಸುಳಿವು ಸಿಗದಂತೆ ಎರಗಬೇಕು. ಎಂಥ ಚೆಂದದ ಯೋಜನೆಯೂ ಕಾಲಿಗೆ ಸಿಕ್ಕ ಸಣ್ಣ ಕಲ್ಲಿನಿಂದ ಮುಗ್ಗರಿಸಬಹುದು. ಎಲ್ಲಕ್ಕಿಂತ ಮೊದಲು, ಎದುರಿಗಿರುವವನು ಎಂಥವನೆಂದು ತಿಳಿದಿರಬೇಕು. ಇವನ್ನೆಲ್ಲ ಅವಳು ಕಪ್ಪು ಹಲಗೆಯ ಮೇಲೆ ಬಾಣ ಬಿಡಿಸಿ ವಿವರಿಸಿದರೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು.

“ಮೇಡಂ, ಮೇಲಿಂದ ಡ್ರೋನು ಎಲ್ಲಾನೂ ನೋಡ್ತಿರುವಾಗ ಸುಳಿವು ಕೊಡದೆ ಎರಗೋದು ಹೆಂಗೆ?”

ಪುಸ್ತಕ ಬರೆದವರ ಕಾಲದಲ್ಲಿ ಮೇಲಿಂದ ನೋಡುತ್ತಿದ್ದದ್ದು ಹದ್ದು ಮಾತ್ರ.

ಹದ್ದು ಎಂದೇ ಹುಡುಗರು ಕರೆಯುತ್ತಿದ್ದ ಇನ್ನೊಬ್ಬಳು ಯಮಣ್ಣನ ಮನೆಯಲ್ಲೇ ಇದ್ದಳು. ಅವರ ಒಬ್ಬಳೇ ಮಗಳು. ಅದೇ ಶಾಲೆಯಲ್ಲಿ ಡ್ರೋನ್ ಹಾರಿಸುವುದನ್ನು ಕಲಿಸುತ್ತಿದ್ದಳು. ಅಪ್ಪನ ಹಾಗೇ ಒಣಕಲು, ಅಪ್ಪನ ಹಾಗೇ ನೇರ ಮಾತು. ಹೀಗಾಗಿ ಊಟದ ಮೇಜೆಂದರೆ ದಿನವೂ ಒಂದು ರಣರಂಗ.

“ನೀವು ಒಬ್ರು ನಡ್ಕೊಂಡು ಹೋಗಿ, ‘ನೀನು ಸತ್ತೆ’ ಅನ್ನೋ ಹೊತ್ತಿಗೆ ನಿಜವಾದ ಯುದ್ಧದಲ್ಲಿ ಅವನ ತಿಥಿನೂ ಮುಗಿದಿರುತ್ತಪ್ಪ,” ಎನ್ನುವಳು ಮಗಳು.

“ನಿನ್ನ ಯಂತ್ರಕ್ಕೆ ಮೇಲಿಂದ ತಲೆ ಕಾಣುತ್ತೆ. ತಲೆ ಒಳಗಿರೋದು ಕಾಣುತ್ತೇನೆ?”

“ತಲೆನೇ ಹಾರಿ ಹೋದ್ಮೇಲೆ ಒಳಗೇನಿದ್ರೆ ಏನು?”

“ಯುದ್ಧ ಅಂದ್ರೆ ಅದೇ ಯುದ್ಧ ಕಣೇ. ಕುದುರೆ ಹೋಗಿ ಟ್ಯಾಂಕು ಬಂತು, ಆಗ್ಲೂ ಹೀಗೇ ಕುಣಿದ್ರು. ಕೊನೆಗೆ ಹಳ್ಳದಲ್ಲಿ ತೆವಳೋನು ಮನುಷ್ಯನೇ.”

“ಮೇಡಂ, ನೀವೇ ಹೇಳಿ. ಓದಿದೋರು ನೀವು.”

ಮೇಡಂ ಇಬ್ಬರ ತಟ್ಟೆಯನ್ನೂ ನೋಡಿ, “ಇಬ್ರದ್ದೂ ಒಂದು ರೀತೀಲಿ...” ಎಂದು ಶುರು ಮಾಡುವಳು.

“ನೋಡಿ, ಅಡ್ಡಗೋಡೆ ಮೇಲೆ ದೀಪ ಇಟ್ರು,” ಎಂದು ಅಪ್ಪ ಮಗಳು ಒಟ್ಟಿಗೆ ನಗುವರು. ಅವರಿಬ್ಬರೂ ಒಪ್ಪುತ್ತಿದ್ದುದು ಅದೊಂದಕ್ಕೆ.

ಯಮಣ್ಣನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗಂಡನ ತೀರ್ಪುಗಳು ಮನೆಯ ಹೊಸ್ತಿಲಿನಾಚೆಗೆ ಮಾತ್ರ ನಡೆಯುತ್ತವೆಂದು ಅವರು ಅಂಪೈರ್ ಆದ ದಿನವೇ ಇತ್ಯರ್ಥ ಮಾಡಿದ್ದರು. “ಅಲ್ಲಿ ಎಷ್ಟು ಜನರನ್ನ ಬೇಕಾದ್ರೂ ಸಾಯ್ಸಿ. ಇಲ್ಲಿ ತಟ್ಟೆ ತೊಳೆದಿಡಿ,” ಎನ್ನುವರು. ಯಮಣ್ಣ ಮರುಮಾತಿಲ್ಲದೆ ಎದ್ದು ತಟ್ಟೆ ತೊಳೆಯುವರು.

ಯಮಣ್ಣ ಮೊದಲು ಸಿಪಾಯಿಯಾಗಿದ್ದವರು, ಒಂದು ನಿಜವಾದ ಯುದ್ಧವನ್ನೂ ಕಂಡವರು. ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ನಿವೃತ್ತರಾದ ಮೇಲೆ ಗುತ್ತಿಗೆಯ ಮೇಲೆ ಈ ಕೆಲಸಕ್ಕೆ ಬಂದರು. ಒಮ್ಮೆ ಈ ಶಾಲೆಯ ದೊಡ್ಡ ಸಾಹೇಬರೇ, ಫೋಟೊ ತೆಗೆಸಿಕೊಳ್ಳಲೆಂದು ಅಭ್ಯಾಸದ ನಡುವೆ ಗುಡ್ಡದ ನೆತ್ತಿಗೆ ಹತ್ತಿ ನಿಂತಿದ್ದರಂತೆ. ಯಮಣ್ಣ ಏದುಸಿರು ಬಿಡುತ್ತ ಹತ್ತಿಹೋಗಿ, ಸೆಲ್ಯೂಟು ಹೊಡೆದು, ಹಳದಿ ಪಟ್ಟಿ ಕಟ್ಟಿದ್ದರು. ಸಾಹೇಬರು ಹೋಗಿ ಮರದ ಕೆಳಗೆ ಕೂತರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅಂದಿನಿಂದ, ಮೈದಾನದಲ್ಲಿ ಅಂಪೈರ್ ಹೇಳಿದ್ದೇ ಕೊನೆಯ ಮಾತು, ನಾನೂ ಮೀರುವುದಿಲ್ಲ ಎಂದು ನಿಯಮವನ್ನೇ ಮಾಡಿದರು.

ಅದೇ ದೊಡ್ಡ ಸಾಹೇಬರು ಒಂದು ದಿನ ಯಮಣ್ಣ, ಮಗಳು, ಮೇಡಂ ಮೂವರನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಹೊಸ ಮೇಲಂಗಿ ಇತ್ತು. ಅದನ್ನು ತೊಟ್ಟವನು ಸತ್ತರೆ ಅದೇ ಗುಂಯ್‌ಗುಟ್ಟಿ ಹೇಳುತ್ತದಂತೆ. ಮೇಲಿಂದ ಡ್ರೋನು ನೋಡುತ್ತದೆ, ಪರದೆಯ ಮೇಲೆ ಲೆಕ್ಕವಾಗುತ್ತದೆ, ಮೇಲಂಗಿ ಗುಂಯ್ ಎನ್ನುತ್ತದೆ, ಮುಗಿಯಿತು.

“ನೋಡಿ, ನಾನು ಸುತ್ತಿ ಬಳಸಿ ಮಾತಾಡಲ್ಲ,” ಎಂದರು ಸಾಹೇಬರು. “ಮುಂದಿನ ದೊಡ್ಡ ಅಭ್ಯಾಸದಲ್ಲಿ ಒಂದು ಪಡೆ ಹಳೇ ಶಾಸ್ತ್ರದ ಪ್ರಕಾರ ಅಡಗಿ ಎರಗುತ್ತೆ. ಇನ್ನೊಂದು ಪಡೆಗೆ ಇವಳ ಡ್ರೋನ್ ಇರುತ್ತೆ. ಡ್ರೋನಿಗೆ ಸಿಗದಂಗೆ ಎರಗೋಕೆ ಆದ್ರೆ, ನೆಲದ ಮೇಲೆ ನಡೆಯೋ ಅಂಪೈರೂ ಇರ್ಲಿ, ಹಳೇ ಪಾಠನೂ ಇರ್ಲಿ. ಆಗ್ದಿದ್ರೆ ಯಮಣ್ಣ, ನಿಮಗೆ ಉಗ್ರಾಣದಲ್ಲಿ ಕೆಲಸ ಕೊಡ್ತೀನಿ. ಕೂತು ಮಾಡೋ ಕೆಲಸ. ಮೇಡಂ, ನೀವು ಎರಡೂ ಕಡೆ ನೋಡಿ ಅಭಿಪ್ರಾಯ ಬರೀಬೇಕು.”

“ಅಂಪೈರ್ ಯಾರು ಸರ್?” ಎಂದಳು ಮಗಳು.

“ನಿಮ್ಮಪ್ಪನೇ. ನೀನು ಗೆದ್ರೆ ಅವರ ಕೆಲಸ ಹೋಗುತ್ತೆ, ಅವರು ಉಳಿದ್ರೆ ನೀನು ಸೋತಿರ್ತೀಯ. ಯಾರ ಕಡೆ ವಾಲಿದ್ರು ಅಂತ ಯಾವನೂ ಹೇಳೋಕಾಗಲ್ಲ.”

ಉಗ್ರಾಣವೆಂದರೆ ಮೈದಾನಕ್ಕೆ ಬೆನ್ನು ಮಾಡಿ ಕಟ್ಟಿದ, ಕಿಟಕಿಯಿಲ್ಲದ ಕಟ್ಟಡ. ಕಂಬಳಿ ಕೊಡುವುದು, ಕಂಬಳಿ ತೆಗೆದುಕೊಳ್ಳುವುದು. ಬೆಳಗೆದ್ದು ಗುಡ್ಡ ಹತ್ತಿ ಇಳಿಯದಿದ್ದರೆ ಯಮಣ್ಣನಿಗೆ ಉಂಡದ್ದು ಅರಗುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಮೂವರೂ ಮನೆಗೆ ಬಂದಾಗ ಗೇಟಿನ ಹತ್ತಿರ ಮಗಳು ನಿಂತಳು. “ಅಪ್ಪ, ನಾನು ಸೋಲೋಕೆ ಅಂತ ಆಡಲ್ಲ.”

“ಸೋತು ಕೊಡು ಅಂತ ನಿನ್ನನ್ನ ಯಾರು ಕೇಳಿದ್ರು? ಹೋಗಿ ಕೈಕಾಲು ತೊಳ್ಕೋ.”

ಅಭ್ಯಾಸದ ಹಿಂದಿನ ರಾತ್ರಿ ಮೇಡಂಗೆ ನಿದ್ದೆಯೇ ಬರಲಿಲ್ಲ. ನಡುಮಧ್ಯದವಳು, ಯಾರಿಗೂ ಶುಭವಾಗಲಿ ಎನ್ನುವಂತಿಲ್ಲ. ಆದರೂ ಮನಸ್ಸು ಯಮಣ್ಣನ ಕಡೆಗೇ ವಾಲುತ್ತಿತ್ತು. ಅವರ ಕೆಲಸ ಹೋದರೆ ಸಂಜೆಯ ಸಭೆಯಲ್ಲಿ ಬೂಟಿನ ದಾರದ ಕತೆ ಹೇಳುವವರು ಯಾರು? ಪುಸ್ತಕದಲ್ಲಿ ಓದಿದ್ದು ನಿಜವೆಂದು ಅವಳಿಗೆ ಮೊದಲು ಗೊತ್ತಾದದ್ದೇ ಆ ಕತೆಗಳಿಂದ.

ಬೆಳಿಗ್ಗೆ ಅವಳು ದಾಳಿ ಮಾಡುವ ಪಡೆಯ ಜೊತೆಗಿದ್ದಳು. ಅದರ ನಾಯಕ ಬಹಳ ಜಾಗ್ರತೆಯ ಮನುಷ್ಯ. ಮಜ್ಜಿಗೆಯನ್ನೂ ಊದಿ ಊದಿ ಕುಡಿಯುವವನು. ಪಾಳು ಇಟ್ಟಿಗೆ ಗೂಡಿನಲ್ಲಿ ಇಡೀ ಪಡೆಯನ್ನು ಅಡಗಿಸಿದ್ದ. ಎಲ್ಲರ ಮೊಬೈಲನ್ನೂ ಹಿಂದಿನ ದಿನವೇ ಕಸಿದುಕೊಂಡಿದ್ದ. ಮೈಯ ಬಿಸಿ ಡ್ರೋನಿನ ಕಣ್ಣಿಗೆ ಬೀಳಬಾರದೆಂದು ಗೂಡಿನ ಬಾಯಿಗೆಲ್ಲ ಒದ್ದೆ ಗೋಣಿ, ಅದರ ಮೇಲೆ ಮಣ್ಣು, ಅದರ ಮೇಲೆ ಒಣ ಮುಳ್ಳು. ಒಲೆಯಿಲ್ಲ, ಬೀಡಿಯಿಲ್ಲ, ಕೆಮ್ಮು ಬಂದವನಿಗೆ ಬಾಯಿಗೆ ತುರುಕಲು ಬಟ್ಟೆ. ಗುಡ್ಡದ ಆಚೆ ಬದಿಯಲ್ಲಿ ಹಳೆಯ ಜೀಪೊಂದನ್ನು ಸೊಪ್ಪು ಮುಚ್ಚಿ ನಿಲ್ಲಿಸಿದ್ದ, ಅದು ಬರೀ ಮೋಸಕ್ಕೆ. ಅವನ ಬಳಿ ಎದುರಾಳಿಗಿಂತ ಮೂರು ಪಟ್ಟು ಜನರಿದ್ದರು. ಬಿಸಿಲು ನೆತ್ತಿಯಿಂದ ಇಳಿದ ಮೇಲೆ ಹಳ್ಳದಗುಂಟ ನುಗ್ಗುವುದೆಂದು ನಿಶ್ಚಯ. ಪುಸ್ತಕ ಬರೆದವರು ನೋಡಿದ್ದರೆ ಅವನ ಬೆನ್ನು ತಟ್ಟುತ್ತಿದ್ದರು.

ಆಮೇಲೆ ಅವಳು ಎದುರು ಕಡೆಯ ಗುಡಾರಕ್ಕೆ ಬಂದಳು. ಅಲ್ಲಿ ದೊಡ್ಡ ಪರದೆ, ಅದರ ಮುಂದೆ ಮಗಳು, ಅಕ್ಕಪಕ್ಕ ಅವಳ ಹುಡುಗರು. ಪರದೆಯ ಮೇಲೆ ಮೈದಾನವೆಲ್ಲ ಅಂಗೈಯ ನೆಲ್ಲಿಕಾಯಿಯ ಹಾಗೆ ಕಾಣುತ್ತಿತ್ತು, ಆದರೆ ಮೇಕೆಗಳ ಹೊರತು ಏನೂ ಇಲ್ಲ. ಜೀಪು ಕಂಡಿತು. ಒಬ್ಬ ಹುಡುಗ ಹಿಗ್ಗಿ ಕುಣಿದ.

“ಕುಣೀಬೇಡ,” ಎಂದಳು ಮಗಳು. “ಸೊಪ್ಪು ಒಂದು ಕಡೆ ಬಾಡಿದೆ, ಯಾರೂ ಬದಲಾಯ್ಸಿಲ್ಲ. ಅಲ್ಲಿ ಮನುಷ್ಯರಿಲ್ಲ.”

ಮತ್ತೆ ಹುಡುಕಿದರು. ಹಳ್ಳ, ಪೊದೆ, ಗುಡ್ಡ, ಗೂಡು. ಗೂಡಿನ ಮೇಲೆ ಡ್ರೋನು ಎರಡು ಸಲ ಸುತ್ತಿತು. ಏನೂ ಕಾಣಲಿಲ್ಲ, ಮುಂದೆ ಹೋಯಿತು. ಮಧ್ಯಾಹ್ನ ಹತ್ತಿರವಾಯಿತು. ಹುಡುಗರ ಮುಖಗಳು ಇಂಗು ತಿಂದ ಮಂಗನ ಹಾಗಾಗಿದ್ದವು. ಉಗ್ರಾಣದ ಕಂಬಳಿಯಿಂದ ಯಮಣ್ಣ ಪಾರಾದರು ಎಂದು ಮೇಡಂ ಒಳಗೊಳಗೇ ಹಿಗ್ಗಿದಳು.

ಆಗ ಮಗಳು ಕುರ್ಚಿಗೆ ಒರಗಿ, ಪರದೆಯ ಮೂಲೆಯಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಬಿಳಿ ಚುಕ್ಕಿಯನ್ನೇ ನೋಡತೊಡಗಿದಳು. ನೋಡುತ್ತ ನೋಡುತ್ತ ಅವಳ ತುಟಿಯಲ್ಲಿ ನಗು ಮೂಡಿತು.

“ಅವರನ್ನ ಹುಡುಕೋದು ಬಿಡಿ,” ಎಂದಳು. “ನಮ್ಮಪ್ಪನ್ನ ಹಿಂಬಾಲಿಸಿ.”

“ಅಂಪೈರನ್ನಾ? ಅವರು ಗಾಳಿ ಅಲ್ವಾ?”

“ಗಾಳಿ ಯಾವ ಕಡೆ ಬೀಸುತ್ತೆ ನೋಡೋಣ.”

ಮೇಡಂಗೆ ಅರ್ಥವಾಯಿತು. ಎರಡೂ ಪಡೆಗಳ ಯೋಜನೆ ಅಂಪೈರಿಗೆ ಮೊದಲೇ ತಿಳಿದಿರುತ್ತದೆ. ಸಾವು ಎಲ್ಲಿ ಆಗುವುದಿದೆಯೋ ಅಲ್ಲಿಗೆ ಮುಂಚಿತವಾಗಿ ಹೋಗಿ, ಚೆನ್ನಾಗಿ ಕಾಣುವ ಜಾಗ ನೋಡಿ ಕೂರುವುದು ಅವರ ಶಿಸ್ತು. ಅಷ್ಟು ವರ್ಷಗಳಿಂದ ಒಂದು ಸಲವೂ ತಡವಾಗಿ ಹೋದವರಲ್ಲ. ಅದು ಅವರ ಹೆಮ್ಮೆ. ನೆಲದ ಮೇಲಿರುವವರಿಗೆ ಅದು ಕಾಣುತ್ತಿರಲಿಲ್ಲ, ಪೊದೆ ಅಡ್ಡ ಬರುತ್ತಿತ್ತು. ಆಕಾಶಕ್ಕೆ ಪೊದೆ ಎಲ್ಲಿ ಅಡ್ಡ? ಓಡಿಹೋಗಿ ಕೂಗಿ ಹೇಳಬೇಕೆನಿಸಿತು. ಆದರೆ ನೋಡಲು ಬಂದವಳು ನೋಡಬೇಕಷ್ಟೆ.

ಬಿಳಿ ಚುಕ್ಕಿ ಹಳ್ಳದಗುಂಟ ನಡೆಯಿತು. ಗೂಡಿನ ಹತ್ತಿರ ಬಂದು, ಒಂದು ಕಲ್ಲಿನ ಧೂಳು ಕೊಡವಿ, ಬಿಸಿಲಿಗೆ ಬೆನ್ನು ಮಾಡಿ, ಗೂಡಿನ ಕಡೆ ಮುಖ ಮಾಡಿ ಕೂತಿತು. ಡಬ್ಬಿ ಬಿಚ್ಚಿತು.

“ಅಪ್ಪ ಡಬ್ಬಿ ಬಿಚ್ಚಿದ್ರು ಅಂದ್ರೆ ಇನ್ನೊಂದು ಗಂಟೇಲಿ ದಾಳಿ,” ಎಂದಳು ಮಗಳು. “ಸಾವು ಶುರುವಾದ್ಮೇಲೆ ಊಟಕ್ಕೆ ಪುರಸೊತ್ತು ಸಿಗಲ್ಲ ಅಂತ ಅಮ್ಮನಿಗೆ ಹೇಳೋದನ್ನ ಚಿಕ್ಕಂದಿನಿಂದ ಕೇಳಿದೀನಿ. ಗೂಡಿಗೆ ಗುರಿ ಇಡಿ. ಎಲ್ಲಾ ಫಿರಂಗಿ.”

ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಯಿತು. ಸುಳ್ಳು ಫಿರಂಗಿಯ ಪಟಾಕಿಗಳು ಗೂಡಿನ ಸುತ್ತ ಢಮಾರೆಂದವು. ಕಲ್ಲಿನ ಮೇಲಿದ್ದ ಚುಕ್ಕಿ ಅರ್ಧ ತಿಂದ ಬ್ರೆಡ್ಡನ್ನು ಹಿಡಿದುಕೊಂಡೇ ಎದ್ದು ನಿಂತಿತು.

ಜೀಪಿನಲ್ಲಿ ಮಗಳೂ ಮೇಡಮ್ಮೂ ಗೂಡಿನ ಬಳಿ ಬರುವಷ್ಟರಲ್ಲಿ ಅಲ್ಲಿ ದೊಡ್ಡ ರಂಪವಾಗಿತ್ತು. ದಾಳಿ ಪಡೆಯ ನಾಯಕ ಮೈತುಂಬ ಮಣ್ಣು ಮೆತ್ತಿಕೊಂಡು ಹೊರಗೆ ಬಂದಿದ್ದ.

“ಇದು ಮೋಸ! ಒಂದು ಕೆಮ್ಮೂ ಕೆಮ್ಮಿಲ್ಲ ನಾವು! ಹೆಂಗೆ ಗೊತ್ತಾಯ್ತು?”

“ನಮ್ಮಪ್ಪ ತೋರಿಸ್ಕೊಟ್ರು,” ಎಂದಳು ಮಗಳು, ಮುಚ್ಚುಮರೆಯಿಲ್ಲದೆ.

ಯಮಣ್ಣನ ಬಾಯಿಯ ತುತ್ತು ಅಲ್ಲೇ ನಿಂತಿತು. “ನಾನಾ?”

ಅವಳು ಹೇಳಿದಳು. ಎಲ್ಲ ಕೇಳಿದ ಮೇಲೆ ನಾಯಕ ಕೈ ಮೇಲೆತ್ತಿ, “ಮುಗೀತಲ್ಲ! ಅಂಪೈರ್ ಅಂದ್ರೆ ಗಾಳಿ, ನೋಡಿದ್ರೂ ನೋಡಬಾರದು ಅಂತ ನಿಯಮ ಇದೆ. ನೀನು ನೋಡಿದೀಯ. ಈ ದಾಳಿ ಲೆಕ್ಕಕ್ಕಿಲ್ಲ,” ಎಂದ. ಅವನ ಹಿಂದೆ ಗೂಡಿನಿಂದ ತೆವಳಿ ಬಂದ ಹುಡುಗರೆಲ್ಲ ಹೌದು ಹೌದು ಎಂದರು.

“ಆ ನಿಯಮ ಮಾಡಿದಾಗ ನೆಲದ ಮೇಲಿಂದ ನೋಡ್ತಿದ್ರು,” ಎಂದಳು ಮಗಳು. “ನಿಜವಾದ ಶತ್ರು ನಿಮ್ಮ ನಿಯಮ ಕೇಳ್ಕೊಂಡು ಕಣ್ಣು ಮುಚ್ಚುತ್ತಾನಾ?”

ವೈರ್‌ಲೆಸ್ಸಿನಲ್ಲಿ ದೊಡ್ಡ ಸಾಹೇಬರ ದನಿ ಬಂತು. “ನಾನೇನೂ ಹೇಳಲ್ಲ. ಯಮಣ್ಣ ಹೇಳಿದ್ದೇ ಕೊನೆ.”

ಎಲ್ಲರೂ ಯಮಣ್ಣನ ಕಡೆ ತಿರುಗಿದರು. ಅವರು ಬ್ರೆಡ್ಡನ್ನು ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಮತ್ತೆ ಬಿಚ್ಚಿ, ಮತ್ತೆ ಮುಚ್ಚಿದರು. ಮೇಡಂ ಹತ್ತಿರ ಸರಿದು ಮೆಲ್ಲಗೆ ಹೇಳಿದಳು, “ನಿಯಮ ನಿಮ್ಮ ಕಡೆ ಇದೆ ಅಂಕಲ್. ಲೆಕ್ಕಕ್ಕಿಲ್ಲ ಅಂದ್ರೆ ಯಾರೂ ತಪ್ಪು ಅನ್ನಲ್ಲ.” ಹೇಳಬಾರದಿತ್ತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಯಮಣ್ಣ ಮಗಳ ಕಡೆ ತಿರುಗಿದರು. ಅಷ್ಟು ವರ್ಷ ಸತ್ತವರನ್ನು ಮಾತ್ರ ಕೇಳುತ್ತಿದ್ದವರು ಅವತ್ತು ಮೊದಲ ಸಲ ಸಾಯಿಸಿದವರನ್ನು ಕೇಳಿದರು. “ನೀನು ಏನು ಯೋಚ್ನೆ ಮಾಡ್ತಿದ್ದೆ?”

“ಇಷ್ಟು ಜನ ಇಷ್ಟು ಚೆನ್ನಾಗಿ ಅಡಗಿರುವಾಗ, ಅಡಗದೆ ಇರೋರು ಯಾರು ಅಂತ.”

ಯಮಣ್ಣ ಕಲ್ಲಿನ ಮೇಲೆ ಕೂತರು. ಕೂತಲ್ಲಿಂದಲೇ, ಯಾರನ್ನೂ ನೋಡದೆ ಮಾತಾಡಿದರು. ಆ ನಿಜವಾದ ಯುದ್ಧದಲ್ಲಿ ಅವರ ಠಾಣೆ ಒಂದು ಇಳಿಜಾರಿನಲ್ಲಿತ್ತಂತೆ. ಅಗೆದು, ಮುಚ್ಚಿ, ಮೇಲೆ ಹುಲ್ಲು ಬೆಳೆಸಿದ್ದರಂತೆ. ಹತ್ತಿರ ಬಂದವರಿಗೂ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೆಳಗಿನಿಂದ ಒಬ್ಬ ಚಹಾದ ಕ್ಯಾನು ಹೊತ್ತು ಬರುತ್ತಿದ್ದ, ಅದೇ ದಾರಿ, ಅದೇ ಹೊತ್ತು, ಹಾಡಿಕೊಂಡು. ಎಲ್ಲರಿಗೂ ಅವನೆಂದರೆ ಪ್ರೀತಿ. “ಆಚೆ ಗುಡ್ಡದ ಮೇಲೆ ದುರ್ಬೀನು ಹಿಡಿದೋನು ನಮ್ಮನ್ನ ಹುಡುಕಲೇ ಇಲ್ಲ. ಚಹಾ ಎಲ್ಲಿ ನಿಲ್ಲುತ್ತೆ ಅಂತ ನೋಡ್ದ. ಅಷ್ಟೇ. ಅವತ್ತು ನಾನು ಚಹಾ ಕುಡಿಯೋಕೆ ಎದ್ದಿರಲಿಲ್ಲ, ಅದಕ್ಕೇ ಇಲ್ಲಿ ಕೂತಿದೀನಿ.”

ಮಗಳಿಗೂ ಇದು ಹೊಸದು. ಅವಳು ಅಪ್ಪನ ಹೆಗಲಿನ ಮೇಲೆ ಕೈಯಿಟ್ಟು ತೆಗೆದಳು.

“ಗೊತ್ತಿದ್ದೂ ನಾನೇ ಇಷ್ಟು ವರ್ಷ ಡಬ್ಬಿ ಹಿಡ್ಕೊಂಡು ಅದೇ ದಾರೀಲಿ ಓಡಾಡಿದೀನಿ,” ಎಂದರು ಯಮಣ್ಣ. “ಗಾಳಿ ಅಂತೆ ಗಾಳಿ. ಡಬ್ಬಿ ಹಿಡಿದಿರೋ ಗಾಳಿ ಎಲ್ಲಾದ್ರೂ ಉಂಟಾ? ದಾಳಿ ಲೆಕ್ಕಕ್ಕುಂಟು. ಗೂಡಿನಲ್ಲಿದ್ದೋರೆಲ್ಲ ಸತ್ರಿ.”

ಜೇಬಿನಲ್ಲಿದ್ದ ಹಳದಿ ಪಟ್ಟಿಗಳನ್ನು ಹಂಚಿದರು. ಜನ ಹೆಚ್ಚು, ಪಟ್ಟಿ ಸಾಲಲಿಲ್ಲ. ಉಳಿದ ಕೊನೆಯದನ್ನು ತಮ್ಮ ಬಿಳಿ ಪಟ್ಟಿಯ ಮೇಲೆಯೇ ಕಟ್ಟಿಕೊಂಡರು. “ಕಲ್ಲಿನ ಮೇಲೆ ಕೂತೋನೂ ಸತ್ತ,” ಎಂದರು.

ನಾಯಕ ಸ್ವಲ್ಪ ಹೊತ್ತು ಗುರುಗುಟ್ಟಿದ. ಆಮೇಲೆ ಅವನಿಗೂ ನಗು ಬಂತು. “ಯಮಣ್ಣ, ನನ್ನ ಜನ್ಮದಲ್ಲಿ ನನ್ನನ್ನ ಬ್ರೆಡ್ಡು ಸಾಯಿಸುತ್ತೆ ಅಂದ್ಕೊಂಡಿರಲಿಲ್ಲ.”

ಅವತ್ತಿನ ಊಟದ ಮೇಜಿನಲ್ಲಿ ಜಗಳವಿರಲಿಲ್ಲ, ಅದೇ ಎಲ್ಲರಿಗೂ ಇರಿಸುಮುರಿಸು. ಕೊನೆಗೆ ಮಗಳೇ, “ನೀವು ಬೇಡ ಅನ್ಬಹುದಿತ್ತು,” ಎಂದಳು.

“ನೀನು ಬೇರೆ ಕಡೆ ನೋಡಬಹುದಿತ್ತು,” ಎಂದರು ಅಪ್ಪ.

“ಇಬ್ರೂ ಸುಮ್ನೆ ಊಟ ಮಾಡ್ಬಹುದಿತ್ತು,” ಎಂದರು ಅಮ್ಮ. “ಮಗಳೂ ಸರಿ ಗಂಡನೂ ಸರಿ, ಉಗ್ರಾಣ ಮಾತ್ರ ನನ್ನ ಪಾಲಿಗೆ ಬಂತು. ನಾಳೆಯಿಂದ ಬೆಳಿಗ್ಗೆ ಇವರನ್ನ ನಡೆಸೋಕೆ ಕರ್ಕೊಂಡು ಹೋಗೋಳು ನಾನು.”

ಮೇಡಂ ತನ್ನ ಅಭಿಪ್ರಾಯ ಬರೆದಳು. ಬರೆಯಲು ಬಹಳ ದಿನ ಹಿಡಿಯಿತು. ಮೂರು ಪಟ್ಟು ಜನ ಬೇಕೆಂಬ ಲೆಕ್ಕ ಇನ್ನು ನಡೆಯುವುದಿಲ್ಲ, ಏಕೆಂದರೆ ಮೂರು ಪಟ್ಟು ಜನ ಎದ್ದು ನಿಲ್ಲುವ ಮೊದಲೇ ಸತ್ತರು; ಅಡಗುವುದು ಹಿಂದೆಂದಿಗಿಂತ ಕಷ್ಟವಾಗಿದೆ; ಆದರೆ ಅಡಗಿದವರನ್ನು ಹುಡುಕಿದ್ದು ಯಂತ್ರವಲ್ಲ, ಯಂತ್ರದ ಮುಂದೆ ಕೂತು ಎದುರಿನ ಮನುಷ್ಯನನ್ನು ಬಲ್ಲವಳು; ಆದ್ದರಿಂದ ಹಳೆಯ ಪಾಠದಲ್ಲಿ ಲೆಕ್ಕದ ಭಾಗವನ್ನು ತೆಗೆದು, ಮನುಷ್ಯನ ಭಾಗವನ್ನು ಹೆಚ್ಚಿಸಬೇಕು. ಯುದ್ಧಶಾಸ್ತ್ರ ಸತ್ತಿದೆಯೋ ಬದುಕಿದೆಯೋ ಎಂಬ ಪ್ರಶ್ನೆಗೆ ಅವಳು ಗಾಯಗೊಂಡಿದೆ ಎಂದು ಬರೆದಿದ್ದಳು.

ದೊಡ್ಡ ಸಾಹೇಬರು ಓದಿ, “ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ,” ಎಂದರು. ಆದರೆ ಪಾಠವನ್ನು ಉಳಿಸಿದರು, ಅವಳು ಹೇಳಿದ ಹಾಗೇ ತಿದ್ದಿ. ನೆಲದ ಅಂಪೈರ್ ಕೆಲಸವನ್ನು ಮಾತ್ರ ಉಳಿಸಲಿಲ್ಲ. ಮಾತಿನಂತೆ ಯಮಣ್ಣನಿಗೆ ಉಗ್ರಾಣದ ಬೀಗದ ಕೈ ಕೊಟ್ಟರು. ಮೈದಾನಕ್ಕೆ ಗುಂಯ್‌ಗುಟ್ಟುವ ಮೇಲಂಗಿಗಳು ಬಂದವು. ಹುಡುಗರು ಸತ್ತ ಕೂಡಲೇ ಸುಮ್ಮನೆ ಬ್ಯಾರಕ್ಕಿಗೆ ಹೋಗಿ ಮಲಗತೊಡಗಿದರು. ಸಂಜೆಯ ಸಭೆಯಲ್ಲಿ ಪರದೆಯ ಮೇಲೆ ಕೆಂಪು ಚುಕ್ಕಿಗಳನ್ನು ತೋರಿಸುತ್ತಿದ್ದರು. ಅವು ಯಾಕೆ ಅಲ್ಲಿಗೆ ಹೋಗಿದ್ದವೆಂದು ಚುಕ್ಕಿಗಳನ್ನು ಕೇಳುವವರಿರಲಿಲ್ಲ.

ಯಮಣ್ಣ ಉಗ್ರಾಣದಲ್ಲಿ ಆ ಬೇಸಿಗೆ ಕಳೆದರು. ಕಂಬಳಿ ಮಡಿಸುವುದರಲ್ಲಿ ಅವರಷ್ಟು ಕೆಟ್ಟ ಕೈ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಮಧ್ಯಾಹ್ನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮೈದಾನ ಕಾಣುವುದಿಲ್ಲವಾದ್ದರಿಂದ, ಆಕಾಶದಲ್ಲಿ ಡ್ರೋನು ಸುತ್ತುವುದನ್ನು ನೋಡುತ್ತಿದ್ದರು. ಒಂದು ದಿನ ಬ್ರೆಡ್ಡಿಗೆ ಬಲಿಯಾದ ನಾಯಕನೇ ಅಲ್ಲಿಗೆ ಬಂದ, ಕಂಬಳಿ ಕೇಳಲಿಕ್ಕಲ್ಲ. ಮೂರು ಅಭ್ಯಾಸಗಳಲ್ಲಿ ಸತತವಾಗಿ ಹದ್ದಿನ ಕಣ್ಣಿಗೆ ಬಿದ್ದಿದ್ದ. ಒಮ್ಮೆ ನೀರಿನ ಟ್ಯಾಂಕರ್ ಹಿಡಿದುಕೊಟ್ಟಿತ್ತು, ಒಮ್ಮೆ ಒಣಗಲು ಹಾಕಿದ ಕಾಲುಚೀಲ, ಒಮ್ಮೆ ಅವನೇ, ದಿನವೂ ಒಂದೇ ಹೊತ್ತಿಗೆ ಕಾವಲು ನೋಡಲು ಹೋಗುತ್ತಿದ್ದುದರಿಂದ.

“ಯಮಣ್ಣ, ನಿಮ್ಮ ಮಗಳ ಕೈಯಿಂದ ನಮ್ಮನ್ನ ಉಳಿಸಿ.”

“ನನ್ನ ಮಗಳ ಕೈಯಿಂದ ನನ್ನನ್ನೇ ಉಳಿಸ್ಕೊಳ್ಳೋಕೆ ಆಗ್ಲಿಲ್ಲವಲ್ಲಪ್ಪ.”

“ಅದಕ್ಕೇ ಬಂದೆ. ಹೆಂಗೆ ಸಿಕ್ಕಿಬಿದ್ವಿ ಅಂತ ಗೊತ್ತಿರೋರು ನೀವೊಬ್ರೇ.”

ಅವನು ದೊಡ್ಡ ಸಾಹೇಬರ ಬಳಿ ಹೋಗಿ, ಯಮಣ್ಣನನ್ನು ಮತ್ತೆ ಮೈದಾನಕ್ಕೆ ಕೊಡಿ ಎಂದು ಕೇಳಿದ. ಸಾಹೇಬರು ಉಗ್ರಾಣದ ಕಂಬಳಿಗಳ ಸ್ಥಿತಿಯನ್ನೂ ನೋಡಿದ್ದರು, ತಕ್ಷಣ ಒಪ್ಪಿದರು. ಮಗಳು ಮಾತ್ರ, “ಅಪ್ಪ, ಈಗ ನೀವು ನನಗೆ ಶತ್ರು ಪಕ್ಷ. ಊಟದ ಹೊತ್ತಲ್ಲಿ ಕೆಲಸದ ಮಾತು ಬೇಡ,” ಎಂದು ಎಚ್ಚರಿಸಿದಳು. ಅದನ್ನು ಇಬ್ಬರೂ ಒಂದು ದಿನವೂ ಪಾಲಿಸಿಲ್ಲ.

ಯಮಣ್ಣ ಈಗ ಅದೇ ಶಾಲೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಅಡಗುವುದನ್ನು ಕಲಿಸುತ್ತಾರೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ, ಮೈದಾನದಲ್ಲಿ.